ಮಣ್ಣಿಗೆ ಬಾರದ ತಮ್ಮ

ಬೆಂಗಳೂರಿನ ಬಸ್ಸು ಭದ್ರಾವತಿಯಲ್ಲಿ ನಿಂತಾಗ ಬೆಳಗಿನ ಆರು ಗಂಟೆ. ಕಿಟಕಿಗೆ ತಲೆಯಾನಿಸಿ ಕೂತಿದ್ದ ಹಾಲಸ್ವಾಮಿ, ಇಲ್ಲೇ ಇಳಿದುಬಿಡಲೇ ಎಂದು ಒಂದು ಗಳಿಗೆ ಯೋಚಿಸಿದ. ಇಳಿದರೆ ಹತ್ತು ನಿಮಿಷದಲ್ಲಿ ಕಾರ್ಖಾನೆ ಕ್ವಾರ್ಟರ್ಸಿನ ಅಕ್ಕನ ಮನೆ. ಆದರೆ ಜೊತೆಗೆ ಎರಡು ದೊಡ್ಡ ಬ್ಯಾಗುಗಳಿದ್ದವು, ಮೈ ಸ್ನಾನ ಕಂಡು ಮೂರು ದಿನವಾಗಿತ್ತು. ಮೊದಲು ಶಿವಮೊಗ್ಗದ ರೂಮಿಗೆ ಹೋಗಿ, ಮಿಂದು, ಒಗೆದ ಬಟ್ಟೆ ಹಾಕಿಕೊಂಡು ಮಧ್ಯಾಹ್ನದ ಊಟಕ್ಕೆ ಬಂದರಾಯಿತು ಅಂದುಕೊಂಡ. ಹತ್ತು ತಿಂಗಳು ಕಾದ ಅಕ್ಕ ಇನ್ನರ್ಧ ದಿನ ಕಾಯುತ್ತಾಳೆ. ಬಸ್ಸು ಹೊರಟಿತು.

ಹಾಲಸ್ವಾಮಿ ಶಿವಮೊಗ್ಗದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್. ವಯಸ್ಸು ಮೂವತ್ತೊಂದು, ಇನ್ನೂ ಮದುವೆಯಾಗಿರಲಿಲ್ಲ. ಮಲೆನಾಡಿನ ಕಪ್ಪೆಗಳ ಅಧ್ಯಯನಕ್ಕೆಂದು ಬಂದ ವಿದೇಶಿ ಸಂಶೋಧಕಿಯೊಬ್ಬಳು ಎರಡು ತಿಂಗಳು ಆ ಲ್ಯಾಬಿನಲ್ಲಿ ಕೂತು ಕೆಲಸ ಮಾಡಿದ್ದಳು. ಮೈಕ್ರೋಸ್ಕೋಪಿನ ಮುಂದೆ ಇವನ ತಾಳ್ಮೆ ನೋಡಿ, ಹೋಗುವಾಗ ಮಾರಿಷಸ್ಸಿನ ಒಂದು ಸಂಸ್ಥೆಗೆ ಇವನ ಹೆಸರು ಬರೆದಳು. ಅಲ್ಲಿನ ಪುಟ್ಟ ದ್ವೀಪವೊಂದರಲ್ಲಿ, ಒಂದು ಕಾಲಕ್ಕೆ ಬೆರಳೆಣಿಕೆಯಷ್ಟೇ ಉಳಿದಿದ್ದ ಗುಲಾಬಿ ಎದೆಯ ಪಾರಿವಾಳಗಳನ್ನು ಉಳಿಸುವ ಕೆಲಸ ನಡೆದಿತ್ತು. ಸ್ವಯಂಸೇವಕರು ಬೇಕಾಗಿದ್ದರು. ವಿಮಾನದ ಟಿಕೆಟ್ಟು, ಊಟ, ಮಲಗಲು ಡೇರೆ ಕೊಡುತ್ತಾರೆ, ಸಂಬಳ ಇಲ್ಲ. ವಿಭಾಗದ ಮುಖ್ಯಸ್ಥರಾದ ಜನಾರ್ದನ ಮೇಷ್ಟ್ರು ಓಡಾಡಿ ರಜೆ ಮಂಜೂರು ಮಾಡಿಸಿಕೊಟ್ಟರು. 2001ರ ಜುಲೈಯಲ್ಲಿ ಹೊರಟ ಹಾಲಸ್ವಾಮಿ ಈಗ, ಮೇ ತಿಂಗಳಲ್ಲಿ, ಮರಳುತ್ತಿದ್ದ.

ಸಂಬಳವಿಲ್ಲದ ಕೆಲಸಕ್ಕೆ ಸಮುದ್ರ ದಾಟುತ್ತಾನಂತೆ ಎಂದು ಎಲ್ಲರೂ ನಕ್ಕಾಗ, ಹೋಗಿ ಬಾ ಅಂದವಳು ಅಕ್ಕ ಕಲ್ಲಮ್ಮ ಒಬ್ಬಳೇ. ಅಪ್ಪ ಅವ್ವ ಒಂದೇ ವರ್ಷದಲ್ಲಿ ತೀರಿಕೊಂಡಾಗ ಇವನಿಗೆ ಎಂಟು, ಅವಳಿಗೆ ಹತ್ತೊಂಬತ್ತು. ಮದುವೆಯ ಮಾತುಕತೆಗೆ ಬಂದ ಗಂಡಿನ ಕಡೆಯವರಿಗೆ, "ಈ ಹುಡುಗನೂ ನನ್ ಜೊತೆ ಬರ್ತಾನೆ, ಒಪ್ಪಿಗೆ ಇದ್ರೆ ತಾಳಿ ಕಟ್ಲಿ" ಎಂದು ಅವಳೇ ಹೇಳಿದ್ದಳಂತೆ. ಗಂಡು ಪುಟ್ಟಯ್ಯ ಒಪ್ಪಿದ. ಹಾಗೆ ಹಾಲಸ್ವಾಮಿ ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆದ. ಅಕ್ಕ ಇವನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಅವಳಿಗೆ ಇವನು ಕೊನೆಯವರೆಗೂ 'ಅಪ್ಪಿ'.

ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೆ ಭಾವ ಪುಟ್ಟಯ್ಯ ನಿಂತಿದ್ದ.

"ನೀವ್ಯಾಕೆ ಬಂದ್ರಿ ಭಾವ? ಫಸ್ಟ್ ಶಿಫ್ಟ್ ಇರ್ಲಿಲ್ವಾ?"

"ರಜಾ ಹಾಕಿದೀನಿ. ಬಾ, ಕಾಫಿ ಕುಡಿಯಣ."

ಹೋಟೆಲಿನಲ್ಲಿ ಪುಟ್ಟಯ್ಯ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುರಿಯುತ್ತಾ ಕೂತ, ಕುಡಿಯಲಿಲ್ಲ. ಇವನು ರೂಮಿನ ಮಾತೆತ್ತಿದರೆ, "ರೂಮಿಗೆ ಆಮೇಲೆ ಹೋದ್ರಾಯ್ತು, ಮೊದ್ಲು ಮನೆಗೆ ಹೋಗಣ" ಅಂದ. ಒಂದು ಬ್ಯಾಗನ್ನು ತಾನೇ ಹೊತ್ತುಕೊಂಡು ಭದ್ರಾವತಿ ಬಸ್ಸು ಹತ್ತಿದ. ಬಂದ ದಾರಿಯಲ್ಲೇ ಮತ್ತೆ ವಾಪಸ್. ಹಾಲಸ್ವಾಮಿ ಪಾರಿವಾಳಗಳ ವಿಷಯ ಹೇಳತೊಡಗಿದ. ಮರಿಗಳ ಗಂಟಲಿನಲ್ಲಿ ಕಾಣಿಸಿಕೊಳ್ಳುವ ಒಂದು ರೋಗ, ಹತ್ತಿ ಕಡ್ಡಿಯಿಂದ ಗಂಟಲು ಒರೆಸಿ ಮೈಕ್ರೋಸ್ಕೋಪಿನಲ್ಲಿ ನೋಡುವುದು, ರೋಗ ಹಿಡಿದ ಮರಿಗೆ ಕೊಕ್ಕು ಬಿಡಿಸಿ ಔಷಧಿ ಕುಡಿಸುವುದು. ಪುಟ್ಟಯ್ಯ ಹೂಂ, ಹೂಂ ಅನ್ನುತ್ತಿದ್ದ. ಮಲವಗೊಪ್ಪ ಹತ್ತಿರವಾದಾಗ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹಾಲಸ್ವಾಮಿ, ನಿಮ್ಮಕ್ಕ ಇಲ್ಲ ಕಣೋ."

"ಎಲ್ಲಿಗೆ ಹೋಗಿದಾಳೆ? ನಾನ್ ಇವತ್ತು ಬರೋದು ಗೊತ್ತಿತ್ತಲ್ಲ."

ಪುಟ್ಟಯ್ಯ ಉತ್ತರ ಕೊಡುವಷ್ಟರಲ್ಲಿ ಕಂಡಕ್ಟರ್ ಬಂದು ಎಲ್ಲಿಗೆ ಅಂದ. "ಎರಡು ಭದ್ರಾವತಿ" ಅಂದ ಪುಟ್ಟಯ್ಯ. ಟಿಕೆಟ್ ಹರಿದು ಕೊಟ್ಟು ಕಂಡಕ್ಟರ್ ಹಿಂದಿನ ಸೀಟಿಗೆ ಹೋದ. ಪುಟ್ಟಯ್ಯ ಒಂದು ಟಿಕೆಟನ್ನು ಇವನ ಕೈಗಿಟ್ಟ.

"ಫೆಬ್ರವರಿಲಿ ಹೋಗ್ಬಿಟ್ಲು. ಬೆಳಿಗ್ಗೆ ನಲ್ಲಿ ಹತ್ರ ಕೊಡ ಎತ್ತೋವಾಗ ಕುಸಿದ್ಲು. ಬಿ.ಪಿ. ಇತ್ತಲ್ಲ. ತಲೇಲಿ ರಕ್ತನಾಳ ಒಡೆದಿದೆ ಅಂದ್ರು. ಶಿವಮೊಗ್ಗಕ್ಕೆ ತಂದ್ವಿ. ಎರಡು ದಿನ ಇದ್ಲು, ಕಣ್ಣು ಬಿಡ್ಲಿಲ್ಲ."

"ನಂಗೆ ಹೇಳ್ಲಿಲ್ಲ" ಅಂದ ಹಾಲಸ್ವಾಮಿ.

"ಹೇಳಿದ್ರೆ ನೀನು ಏನ್ಮಾಡ್ತಿದ್ದೆ ಮಾರಾಯ? ಆ ದ್ವೀಪಕ್ಕೆ ಸುದ್ದಿ ಮುಟ್ಟಬೇಕು, ದೋಣಿ ಬರಬೇಕು, ಟಿಕೆಟ್ ಸಿಗಬೇಕು. ಬರೋದ್ರೊಳಗೆ ಐದಾರು ದಿನ ಆಗೋದು. ಮಣ್ಣಿಗೂ ಸಿಕ್ತಿರ್ಲಿಲ್ಲ. ಅಲ್ಲಿ ಒಬ್ನೇ ಕೂತು ಅಳೋದ್ಯಾಕೆ, ಬಂದ್ಮೇಲೆ ಹೇಳಣ ಅಂತ ನಾನೇ ತೀರ್ಮಾನ ಮಾಡ್ದೆ. ರೂಮ್ ಓನರಿಗೂ ಗೊತ್ತು, ಕಾಲೇಜಲ್ಲೂ ಗೊತ್ತು. ಬೇರೆಯವ್ರ ಬಾಯಿಂದ ಕೇಳ್ಬಾರ್ದು ಅಂತಾನೇ ಬಸ್‌ಸ್ಟ್ಯಾಂಡಿಗೆ ಬಂದೆ. ಬೈಯೋದಿದ್ರೆ ನನ್ನೇ ಬೈ."

ಹಾಲಸ್ವಾಮಿ ಟಿಕೆಟ್ಟನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಹೊರಗೆ ಬಿಸಿಲೇರುತ್ತಿತ್ತು. ಸೈಕಲ್ಲಿನ ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬನನ್ನು ಬಸ್ಸು ಹಿಂದಿಕ್ಕಿತು. ಅವನು ಕಾಣದಾಗುವವರೆಗೂ ಇವನು ತಿರುಗಿ ನೋಡುತ್ತಿದ್ದ.

ಮನೆಯ ಬಾಗಿಲಲ್ಲಿ ಸ್ಫೂರ್ತಿ ನಿಂತಿದ್ದಳು. ಅಕ್ಕನ ಒಬ್ಬಳೇ ಮಗಳು, ಆ ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದಳು. ಇವನ ಕೈಯಿಂದ ಬ್ಯಾಗು ತೆಗೆದುಕೊಂಡು, ಮುಖ ನೋಡದೆ, "ಬಾ ಮಾಮ" ಎಂದು ಒಳಗೆ ಹೋದಳು. ನಡುಮನೆಯ ಗೋಡೆಯಲ್ಲಿ ಕಲ್ಲಮ್ಮನ ಫೋಟೋ ಇತ್ತು, ಅದರ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ. ಕೆಳಗೆ ಬಿಳಿ ಬಣ್ಣದಲ್ಲಿ ಎರಡು ತಾರೀಕು, ಹುಟ್ಟಿದ್ದು ಮತ್ತು 11-2-2002. ಫೋಟೋಕ್ಕೆ ಹಾಕಿದ್ದ ಗಂಧದ ಹಾರ ಆಗಲೇ ಧೂಳು ಹಿಡಿದಿತ್ತು. ಹಾಲಸ್ವಾಮಿ ಕೈಮುಗಿದ. ಅವನು ಅಳಲೆಂದು ಬೆನ್ನ ಹಿಂದೆ ಇಬ್ಬರೂ ಕಾಯುತ್ತಿರುವುದು ಅವನಿಗೆ ತಿಳಿಯಿತು.

ಪಕ್ಕದ ಮನೆಯ ಮಾಸ್ತಮ್ಮ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾ ಬಂದಳು. ಅವಳದು ಆಂಧ್ರದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ ಮನೆತನ. "ಅಕ್ಕ ಹೋಗೇಬಿಟ್ಲಲ್ಲಪ್ಪಾ ತಮ್ಮುಡು, ನಿನ್ನೇ ನೆನೀತಿದ್ಲು" ಎಂದು ಇವನ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಅಳು ಮುಗಿದ ಮೇಲೆ ಇವನ ಕಣ್ಣು ನೋಡಿದಳು. ಒಣಗಿದ್ದವು. ಕೈ ಬಿಟ್ಟಳು.

ಸಂಜೆ ಪುಟ್ಟಯ್ಯ ರುದ್ರಭೂಮಿಗೆ ಕರೆದುಕೊಂಡು ಹೋದ. ಮಣ್ಣಿನ ದಿಬ್ಬ ಇಳಿದು ಸಮವಾಗುತ್ತಾ ಬಂದಿತ್ತು. ತಲೆಯ ಕಡೆ ನೆಟ್ಟಿದ್ದ ಪತ್ರೆ ಗಿಡ ಚಿಗುರಿತ್ತು. ಗುಂಡಿಯಲ್ಲಿ ಅಕ್ಕನನ್ನು ಕೂರಿಸಿದ್ದು ಯಾವ ದಿಕ್ಕಿಗೆ, ಯಾವ ಸೀರೆ ಉಡಿಸಿದ್ದು, ಎಷ್ಟು ಜನ ಬಂದಿದ್ದರು, ಯಾವ ಮಠದ ಅಯ್ಯನವರು ಬಂದಿದ್ದರು, ಎಲ್ಲವನ್ನೂ ಪುಟ್ಟಯ್ಯ ವಿವರವಾಗಿ ಹೇಳಿದ. ಬಹಳ ಸಲ ಹೇಳಿ ನುಣುಪಾದ ಮಾತುಗಳು ಅವು. ಹಾಲಸ್ವಾಮಿ ಎಲ್ಲ ಕೇಳಿಸಿಕೊಂಡ. ವಿಭೂತಿ ಇಟ್ಟ, ಹೂವಿಟ್ಟ.

"ಅತ್ತುಬಿಡು, ಹಗುರಾಗುತ್ತೆ" ಅಂದ ಪುಟ್ಟಯ್ಯ.

"ಬರ್ತಿಲ್ಲ ಭಾವ."

"ಬರುತ್ತೆ, ತಡೀ" ಎಂದು ಪುಟ್ಟಯ್ಯ ಇನ್ನೂ ಸ್ವಲ್ಪ ಹೊತ್ತು ನಿಂತ. ಇರುವೆಗಳ ಸಾಲೊಂದು ದಿಬ್ಬವನ್ನು ಹಾದು ಹೋಗುತ್ತಿತ್ತು. ಕೊನೆಗೆ ಇಬ್ಬರೂ ಮನೆಗೆ ಬಂದರು.

ಆಮೇಲಿನ ದಿನಗಳಲ್ಲಿ ಹಾಲಸ್ವಾಮಿಗೆ ಹಸಿವೂ ಆಗುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಅದೇ ಅವನಿಗೆ ಸೋಜಿಗ. ಶಿವಮೊಗ್ಗದ ರೂಮು, ಕಾಲೇಜು, ವಾರದಲ್ಲಿ ಎರಡು ಸಲ ಭದ್ರಾವತಿ. ಎದುರು ಸಿಕ್ಕವರಿಗೆ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ಅವರ ಪಾಲಿನ ದುಃಖ ಫೆಬ್ರವರಿಯಲ್ಲೇ ಮುಗಿದಿತ್ತು. ಹೇಳಬೇಕಾದ ಮಾತನ್ನು ಪುಟ್ಟಯ್ಯನಿಗೆ ಹೇಳಿ ಆಗಿತ್ತು. ಈಗ ಹೊಸದಾಗಿ ಶುರು ಮಾಡಲು ಹಿಂಜರಿದು, "ಛೇ, ಹಂಗಾಗಬಾರ್ದಿತ್ತು" ಎಂದು ಒಂದು ಉಸಿರಿನಲ್ಲಿ, "ಫಾರಿನ್ನು ಹೆಂಗಿತ್ತು?" ಎಂದು ಇನ್ನೊಂದು ಉಸಿರಿನಲ್ಲಿ ಕೇಳುತ್ತಿದ್ದರು. ಅವನು ಎರಡಕ್ಕೂ ಒಂದೇ ದನಿಯಲ್ಲಿ ಉತ್ತರ ಕೊಡುತ್ತಿದ್ದ.

ದ್ವೀಪದಲ್ಲಿ ಮೊದಲ ಮರಿ ಸತ್ತಾಗ ಅವನ ಕಣ್ಣು ತುಂಬಿ ಬಂದಿತ್ತು. ಜೊತೆಗಿದ್ದ ಹಳೆಯ ಸ್ವಯಂಸೇವಕ ಹೆಗಲು ತಟ್ಟಿ, ಮೊದಲು ತೂಕ ಬರೆ, ಹೊತ್ತು ಬರೆ, ಚೀಲಕ್ಕೆ ಚೀಟಿ ಅಂಟಿಸು, ಮುಂದಿನ ಗೂಡಿನಲ್ಲಿ ಬದುಕಿರುವ ಮರಿ ಕಾಯುತ್ತಿದೆ ಎಂದು ಹೇಳಿದ್ದ. ನಾಲ್ಕನೆಯ ಮರಿಯ ಹೊತ್ತಿಗೆ ಕೈ ತಾನಾಗಿಯೇ ಅದನ್ನೆಲ್ಲ ಮಾಡುತ್ತಿತ್ತು. ಆ ಪಾಠ ತನಗೆ ಹೆಚ್ಚೇ ಹತ್ತಿಬಿಟ್ಟಿತೇನೋ ಎಂದು ಈಗ ಲ್ಯಾಬಿನ ಗಾಜಿನ ಜಾಡಿಗಳನ್ನು ಒರೆಸುತ್ತಾ ಅವನಿಗೆ ಅನ್ನಿಸಿತು. ಅನ್ನಿಸಿದ್ದಷ್ಟೇ. ಅದರಿಂದಲೂ ಏನೂ ಆಗಲಿಲ್ಲ.

ಜೂನ್ ಮೊದಲ ವಾರ ಜನಾರ್ದನ ಮೇಷ್ಟ್ರು ಕಾಲೇಜಿನಲ್ಲಿ ಅವನದೊಂದು ಉಪನ್ಯಾಸ ಇಟ್ಟರು. "ಬೇಡ ಅನ್ಸಿದ್ರೆ ಬೇಡ ಹಾಲಸ್ವಾಮಿ" ಎಂದೂ ಹೇಳಿದರು. ಅವನಿಗೆ ಬೇಕು ಅಂತಲೂ ಅನ್ನಿಸಲಿಲ್ಲ, ಬೇಡ ಅಂತಲೂ ಅನ್ನಿಸಲಿಲ್ಲ. ಒಪ್ಪಿಕೊಂಡ.

ಪ್ರೊಜೆಕ್ಟರಿನ ಪಕ್ಕ ನಿಂತು ಸ್ಲೈಡುಗಳನ್ನು ಒಂದೊಂದಾಗಿ ಹಾಕುತ್ತಾ ಹೋದ. ಚೆನ್ನಾಗಿಯೇ ಮಾತಾಡಿದ. ಪ್ರತಿ ಸ್ಲೈಡಿನ ಚೌಕಟ್ಟಿನ ಮೇಲೆ ತೆಗೆದ ತಾರೀಕನ್ನು ಬರೆದಿಟ್ಟುಕೊಂಡಿದ್ದ. ಅಂಗೈಯಲ್ಲಿ ಮುದುಡಿ ಕೂತ ಒಂದು ಮರಿಯ ಸ್ಲೈಡು ಕೈಗೆ ಬಂತು. ಚೌಕಟ್ಟಿನ ಮೇಲೆ 24-2-02. ಅದು ಯಾವ ದಿನವೆಂದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಹದಿನೈದು ದಿನಕ್ಕೊಮ್ಮೆ ದೋಣಿಯಲ್ಲಿ ದಡಕ್ಕೆ ಹೋಗಿ ಮನೆಗೆ ಫೋನ್ ಮಾಡುವ ಭಾನುವಾರ. ಬೆಳಿಗ್ಗೆ ಈ ಮರಿಯ ಫೋಟೋ ತೆಗೆದು, ಮಧ್ಯಾಹ್ನ ಅಕ್ಕನ ಜೊತೆ ಇದರ ವಿಷಯವನ್ನೇ ಮಾತಾಡಿದ್ದ. ಲೈನು ಗೊರಗೊರ ಅನ್ನುತ್ತಿದ್ದರೂ ಬಹಳ ಹೊತ್ತು ಮಾತಾಡಿದ್ದ.

ಗೋಡೆಯ ಫೋಟೋದ ಕೆಳಗಿದ್ದದ್ದು ಹನ್ನೊಂದನೇ ತಾರೀಕು.

"ಇದು ಗಂಟಲು ರೋಗ ಬಂದ ಮರಿ" ಎಂದು ಹೇಳುತ್ತಿರುವ ತನ್ನ ದನಿ ಅವನಿಗೇ ಕೇಳಿಸಿತು. "ಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲ." ಮುಂದಿನ ಸ್ಲೈಡು ಹಾಕಿದ. ಇನ್ನೂ ಇಪ್ಪತ್ತು ನಿಮಿಷ ಮಾತಾಡಿದ. ಚಪ್ಪಾಳೆಯಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, ಇಷ್ಟು ಕಷ್ಟಪಟ್ಟು ಆ ಹಕ್ಕಿ ಉಳಿಸಿ ಏನು ಪ್ರಯೋಜನ ಸಾರ್ ಅಂತ ಕೇಳಿದ. "ಹಕ್ಕಿ ಉಳಿಯುತ್ತೆ" ಅಂದ ಹಾಲಸ್ವಾಮಿ. ಎಲ್ಲರೂ ನಕ್ಕರು. ಅವನು ನಗಿಸಲು ಹೇಳಿರಲಿಲ್ಲ.

ಅಲ್ಲಿಂದ ನೇರ ಭದ್ರಾವತಿ ಬಸ್ಸು ಹತ್ತಿದ. ಪುಟ್ಟಯ್ಯ ಸೆಕೆಂಡ್ ಶಿಫ್ಟಿಗೆ ಹೋಗಿದ್ದ. ಸ್ಫೂರ್ತಿ ಅಡುಗೆಮನೆಯ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹಾಲಸ್ವಾಮಿ ಚಪ್ಪಲಿ ಬಿಟ್ಟು ಎದುರಿಗೆ ಕೂತ.

"ಸ್ಫೂರ್ತಿ, ಫೆಬ್ರವರಿ ಇಪ್ಪತ್ನಾಲ್ಕು, ಭಾನುವಾರ. ನಾನ್ ಫೋನ್ ಮಾಡ್ದಾಗ ಮಾತಾಡಿದ್ದು ಯಾರು?"

ಅವಳ ಬೆರಳು ಅಕ್ಕಿಯ ಮೇಲೆ ನಿಂತಿತು.

"ನಾನೇ ಮಾಮ."

"ಭಾವ ಹೇಳಿಕೊಟ್ರಾ?"

"ಇಲ್ಲ. ಅಪ್ಪ ಡ್ಯೂಟೀಲಿದ್ರು. ಅವ್ರಿಗೆ ಇವತ್ತಿಗೂ ಗೊತ್ತಿಲ್ಲ. ನೀನು ಕೇಳಿದ್ರೆ ಅಮ್ಮ ದೇವಸ್ಥಾನಕ್ಕೆ ಹೋಗಿದಾರೆ ಅನ್ನು ಅಂತ ಅಷ್ಟೇ ಹೇಳಿದ್ರು. ನಾನು ಹಲೋ ಅಂದೆ. ನೀನು 'ಅಕ್ಕಾ' ಅಂದೆ." ಅವಳು ಮೊರವನ್ನು ನೆಲಕ್ಕಿಟ್ಟಳು. "ಯಾರಾದ್ರೂ ಅಮ್ಮನ್ನ ಕರೆದು ಹದಿಮೂರು ದಿನ ಆಗಿತ್ತು ಮಾಮ. ನಂಗೆ, ಅಲ್ಲ ನಾನು ಅನ್ನೋಕೆ ಬಾಯಿ ಬರ್ಲಿಲ್ಲ. ನೀನು ಒಂದೇ ಸಮ ಮಾತಾಡ್ತಾ ಇದ್ದೆ. ಒಂದು ಮರಿ ಏನೂ ತಿಂತಿಲ್ಲ, ಸಾಕಾಗಿದೆ, ಎಲ್ಲಾ ಬಿಟ್ಟು ಬಂದುಬಿಡ್ಲಾ ಅಕ್ಕ ಅಂತ ಕೇಳ್ದೆ. ಅಮ್ಮ ಇದ್ದಿದ್ರೆ ಏನ್ ಅಂತಿದ್ರು ಅಂತ ಯೋಚ್ನೆ ಮಾಡ್ದೆ. ಅದನ್ನೇ ಹೇಳ್ದೆ."

ಹೇಳಿದ್ದು ಏನೆಂದು ಹಾಲಸ್ವಾಮಿಗೆ ಅಕ್ಷರಅಕ್ಷರ ನೆನಪಿತ್ತು. ಒಪ್ಕೊಂಡ ಕೆಲ್ಸ ಅರ್ಧಕ್ಕೆ ಬಿಡಬಾರ್ದು ಅಪ್ಪಿ, ಮುಗಿಸ್ಕೊಂಡೇ ಬಾ. ಆ ಮಾತನ್ನು ಬುತ್ತಿಯಂತೆ ಕಟ್ಟಿಕೊಂಡು ಅವನು ದೋಣಿ ಹತ್ತಿದ್ದ. ಉಳಿದ ಮೂರು ತಿಂಗಳು ಅದರ ಮೇಲೆಯೇ ಕಳೆದಿದ್ದ. ಆಮೇಲಿನ ಫೋನುಗಳಿಗೆ ಸಿಕ್ಕಿದ್ದು ಭಾವ, ಅಕ್ಕ ಪ್ರತಿ ಸಲವೂ ದೇವಸ್ಥಾನಕ್ಕೆ ಹೋಗಿರುತ್ತಿದ್ದಳು.

"ಕೋಪ ಬಂದಿದ್ಯಾ?" ಎಂದು ಸ್ಫೂರ್ತಿ ಕೇಳಿದಳು.

ಅವನು ಒಳಗೆ ಹುಡುಕಿ ನೋಡಿದ. "ಇಲ್ಲ."

"ಬಂದ್ರೂ ಪರ್ವಾಗಿಲ್ಲ. ಬೈ, ಹೊಡಿ, ಏನಾದ್ರೂ ಮಾಡು ಮಾಮ. ನೀನ್ ಬಂದ್ರೆ ಅಮ್ಮನ ಬಗ್ಗೆ ಮಾತಾಡೋಕೆ ಒಬ್ರಿರ್ತಾರೆ ಅನ್ಕೊಂಡಿದ್ದೆ. ನೀನು ಬರ್ತೀಯ, ಊಟ ಮಾಡ್ತೀಯ, ಹೋಗ್ತೀಯ. ಬಾಡಿಗೆಗೆ ಇರೋರ ಥರ."

ಹಾಲಸ್ವಾಮಿ ಮೊರದಿಂದ ಒಂದು ಕಲ್ಲು ಆರಿಸಿ ನೆಲದ ಮೇಲಿಟ್ಟ. ಅವಳು ಇನ್ನೊಂದು ಆರಿಸಿದಳು. ಹೀಗೆ ಸ್ವಲ್ಪ ಹೊತ್ತು ಇಬ್ಬರೂ ಅಕ್ಕಿ ಆರಿಸಿದರು.

"ಆ ಮರಿ ಏನಾಯ್ತು?"

"ಫೋನ್ ಮಾಡಿ ವಾಪಸ್ ಹೋಗೋಷ್ಟ್ರಲ್ಲಿ ಸತ್ತಿತ್ತು."

ಅವಳು ತಲೆಯಾಡಿಸಿದಳು. "ಮಾರನೇ ದಿನ ನಂಗೆ ಮ್ಯಾತ್ಸ್ ಪ್ರಿಪರೇಟರಿ. ಪೇಪರ್ ಮುಂದೆ ಇಟ್ಕೊಂಡು ಅದನ್ನೇ ಯೋಚ್ನೆ ಮಾಡ್ತಿದ್ದೆ. ಅದು ಬದುಕಿದ್ರೆ ನಾನ್ ಮಾಡಿದ್ದು ತಪ್ಪಲ್ಲ ಅಂತ."

"ಹಂಗೆಲ್ಲ ಏನಿಲ್ಲ. ಅದಕ್ಕೆ ರೋಗ ಬಲಿತಿತ್ತು. ನೀನು ಏನ್ ಹೇಳಿದ್ರೂ ಅದು ಉಳೀತಿರ್ಲಿಲ್ಲ." ಸ್ವಲ್ಪ ತಡೆದು ಹೇಳಿದ, "ಆಮೇಲೆ ಹುಟ್ಟಿದ ಹತ್ತು ಹನ್ನೆರಡು ಮರಿ ಹಾರಿ ಹೋದ್ವು. ಅವಕ್ಕೆ ಔಷಧಿ ಕುಡಿಸಿದ್ದು ನಾನೇ."

"ನೀನು ಬಂದುಬಿಟ್ಟಿದ್ರೆ?"

"ಬೇರೆ ಯಾರಾದ್ರೂ ಕುಡಿಸ್ತಿದ್ರೇನೋ. ಗೊತ್ತಿಲ್ಲ."

ಅವಳು ಮೊರವನ್ನು ಕೊಡವಿ ಎದ್ದಳು. "ಊಟ ಮಾಡ್ಕೊಂಡು ಹೋಗು. ಅಮ್ಮನ ಥರ ಸಾರು ಬರಲ್ಲ ನಂಗೆ, ಹುಳಿ ಜಾಸ್ತಿ ಆಗುತ್ತೆ." ಅಂದು ಅವನು ರೂಮಿಗೆ ಹೋಗಲಿಲ್ಲ. ಶಿಫ್ಟ್ ಮುಗಿಸಿ ಬಂದ ಪುಟ್ಟಯ್ಯ, ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದ ಅವನ ಮೇಲೆ ತನ್ನ ಹೊದಿಕೆ ಹಾಕಿದ್ದು ಬೆಳಿಗ್ಗೆ ತಿಳಿಯಿತು.

ಸ್ಫೂರ್ತಿಗೆ ಒಳ್ಳೆಯ ಅಂಕ ಬಂದಿತ್ತು. ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳುತ್ತೇನೆ, ಶಿವಮೊಗ್ಗದಲ್ಲಿ ಓದುತ್ತೇನೆ ಅಂದಳು. ಪುಟ್ಟಯ್ಯನಿಗೆ ಶಿಫ್ಟ್ ಬಿಟ್ಟು ಓಡಾಡಲು ಆಗುತ್ತಿರಲಿಲ್ಲ. ಅಡ್ಮಿಶನ್ ದಿನ ಹಾಲಸ್ವಾಮಿಯೇ ಕರೆದುಕೊಂಡು ಹೋದ. ಕಾಲೇಜಿನ ಜಗಲಿಯ ತುಂಬ ಹುಡುಗಿಯರು, ಅವರ ಅಪ್ಪ ಅಮ್ಮಂದಿರು. ಸ್ಫೂರ್ತಿ ಕಂಬಕ್ಕೊರಗಿ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಅರ್ಜಿ ತುಂಬತೊಡಗಿದಳು. ತಂದೆಯ ಹೆಸರು ಬರೆದಳು. ತಾಯಿಯ ಹೆಸರು ಬರೆದಳು. ಪೆನ್ನು ಎತ್ತಿದಳು.

"ಹಿಂದೆ 'ದಿವಂಗತ' ಅಂತ ಹಾಕ್ಬೇಕಾ ಮಾಮ?"

"ತಡಿ, ಕೇಳ್ಕೊಂಡ್ ಬರ್ತೀನಿ" ಎಂದು ಹಾಲಸ್ವಾಮಿ ಕೌಂಟರಿನ ಸಾಲಿನಲ್ಲಿ ನಿಂತ. ಮುಂದೆ ಏಳೆಂಟು ಜನ ಇದ್ದರು. ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಾಗ, ಅಕ್ಕ ತೀರಿಕೊಂಡಳು ಎಂಬ ಮಾತನ್ನು ತಾನು ಈವರೆಗೆ ಒಮ್ಮೆಯೂ ಯಾರಿಗೂ ಹೇಳಿಲ್ಲ ಎಂದು ಅವನಿಗೆ ಹೊಳೆಯಿತು. ಎಲ್ಲರೂ ಇವನಿಗೇ ಹೇಳಿದ್ದರು. ಹೇಳಿಸಿಕೊಂಡು, ತಲೆಯಾಡಿಸಿ, ಮುಂದೆ ಹೋಗಿದ್ದ.

ಅವನ ಸರದಿ ಬಂತು. ಕಿಟಕಿಯ ಒಳಗಿದ್ದ ಹೆಂಗಸು ತಲೆ ಎತ್ತದೆ, "ಏನು?" ಅಂದಳು.

"ಹುಡುಗಿ ತಾಯಿ ತೀರ್ಕೊಂಡಿದಾರೆ ಮೇಡಂ. ಕಾಲಮ್ಮಲ್ಲಿ ಹೆಂಗೆ ಬರೀಬೇಕು?"

"ಯಾವಾಗ ತೀರ್ಕೊಂಡಿದ್ದು?"

"ಫೆಬ್ರವರಿ ಹನ್ನೊಂದು."

"ನೀವು ಏನಾಗ್ಬೇಕು?"

"ನಂಗೆ ಅಕ್ಕ" ಅಂದ. ಅಷ್ಟು ಹೇಳುವುದರಲ್ಲಿ ದನಿ ಒಡೆಯಿತು. ಅವನು ಕೆಮ್ಮಿದ. ಆ ಹೆಂಗಸು ಈಗ ತಲೆ ಎತ್ತಿ ನೋಡಿ, ಮೆತ್ತಗಿನ ದನಿಯಲ್ಲಿ, "ಮಾರ್ಕ್ಸ್ ಕಾರ್ಡಲ್ಲಿ ಇರೋ ಹಾಗೇ ಹೆಸರು ಬರೀಲಿ. ಹಿಂದೆ ಏನೂ ಬೇಡ. ಪೋಷಕರು ಅನ್ನೋ ಕಡೆ ನೀವು ಸಹಿ ಹಾಕಿ" ಅಂದಳು.

ವಾಪಸ್ ಬಂದು ಜಗಲಿಯ ಅಂಚಿನಲ್ಲಿ ಕೂತ. ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ಹಿಡಿದ. ಮರಿಯ ಗಂಟಲಿಗೆ ಕಡ್ಡಿ ಇಳಿಸುವಾಗಲೂ ಅಲುಗದ ಕೈ ಈಗ ನಿಲ್ಲುತ್ತಿರಲಿಲ್ಲ. ಸಹಿಯ ಮೊದಲ ಅಕ್ಷರ ಹಾಕಿ ನಿಲ್ಲಿಸಿದ.

"ಸ್ವಲ್ಪ ನೀರು ತರ್ತೀಯಾ?"

ಸ್ಫೂರ್ತಿ ಅವನ ಮುಖ ನೋಡಿದಳು. ಏನೂ ಕೇಳದೆ ನಲ್ಲಿಯ ಕಡೆ ಹೋಗಿ, ಬಾಟಲಿ ತುಂಬಿಸಿ ತಂದಳು. ಅವನು ಅರ್ಧ ಕುಡಿದ, ಉಳಿದರ್ಧದಲ್ಲಿ ಮುಖ ತೊಳೆದುಕೊಂಡ. ಅವಳು ಪಕ್ಕದಲ್ಲಿ ಕೂತು, ನೀರು ತಾಗದ ಹಾಗೆ ಅರ್ಜಿಯನ್ನು ಎದೆಗೆ ಹಿಡಿದುಕೊಂಡಿದ್ದಳು.

"ಅಮ್ಮಂಗೆ ನನ್ನ ಡಾಕ್ಟರ್ ಮಾಡೋ ಆಸೆ ಇತ್ತು" ಅಂದಳು.

"ಗೊತ್ತು. ನಂಗೂ ಹೇಳಿದ್ಲು."

"ಯಾವಾಗ?"

"ನೀನು ತೊಟ್ಟಿಲಲ್ಲಿದ್ದಾಗ. ನಾನು ಹೈಸ್ಕೂಲು. ನಂಗೆ ಸೈನ್ಸಲ್ಲಿ ಕಡಿಮೆ ಮಾರ್ಕ್ಸ್ ಬಂದಿತ್ತು. ಇನ್ನು ನಿನ್ನ ನೆಚ್ಕೊಂಡು ಪ್ರಯೋಜನ ಇಲ್ಲ ಅಪ್ಪಿ ಅಂತ ನಿನ್ ಕಡೆ ಕೈ ತೋರಿಸಿದ್ಲು."

ಸ್ಫೂರ್ತಿ ನಕ್ಕಳು. ಅವನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅವನಿಗೆ ನಗು ಬರಲಿಲ್ಲ, ಆದರೆ ಇನ್ನೂ ಏನೋ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ, ಸೈನ್ಸ್‌ನವರು ಅರ್ಜಿ ತನ್ನಿ ಎಂದು ಕರೆದರು. ಅವಳು ಅರ್ಜಿಯನ್ನು ಅವನ ಕೈಗೆ ಕೊಟ್ಟಳು. ಅವನು ಉಳಿದ ಅಕ್ಷರಗಳನ್ನು ಬರೆದು ಸಹಿ ಮುಗಿಸಿದ. ಇಬ್ಬರೂ ಹೋಗಿ ಸಾಲಿನಲ್ಲಿ ನಿಂತರು.